ನಮ್ಮ ತಿಪ್ಪೆ

ತೋಟಪ್ಪನ ಎಲೆತೋಟಕ್ಕೆ ದೇವರು ಬಂದರೂ ಕಾಲು ತೊಳೆದುಕೊಂಡೇ ಒಳಗೆ ಬರಬೇಕು ಎಂದು ನಮ್ಮೂರಲ್ಲಿ ಹೇಳುತ್ತಿದ್ದರು. ನಾವು ತೊಳೆಯದೆ ಹೋಗುತ್ತಿದ್ದೆವು. ನಾವು ಹೋಗುವಾಗ ಅದಿನ್ನೂ ತೋಟವಾಗಿರುತ್ತಿರಲಿಲ್ಲ, ಬರೀ ನೆಲ. ನೆಲ ಅಗೆಯಲು, ಮಣ್ಣು ಹೊರಲು, ಗೊಬ್ಬರ ತುಳಿಯಲು ಮಾದಿಗರು ಬೇಕು. ವೀಳ್ಯದ ಬಳ್ಳಿ ಊರಿದ ದಿನದಿಂದ ಮಾದಿಗರ ನೆರಳೂ ಬೇಡ. ಬಳ್ಳಿಗೆ ಮೈಲಿಗೆಯಾಗುತ್ತದಂತೆ. ಬಳ್ಳಿ ತಾನಾಗಿ ಹಾಗೆ ಹೇಳಿದ್ದನ್ನು ನಾನಂತೂ ಕೇಳಿಲ್ಲ.

ನನ್ನ ಹೆಸರು ಜಂಬವ್ವ. ಬುಕ್ಕಸಾಗರದ ಆಚೆಯ ಒಂದು ಸಣ್ಣ ಊರಿನ ಕೇರಿಗೆ ಸೊಸೆಯಾಗಿ ಬಂದವಳು. ಹೊಳೆ ಹತ್ತಿರ, ಕಾಲುವೆ ಇನ್ನೂ ಹತ್ತಿರ, ನಮ್ಮ ಕೊಡಕ್ಕೆ ಮಾತ್ರ ನೀರು ದೂರ. ಆಗ ಮದ್ರಾಸಿನ ಸರಕಾರ. ದೊರೆಗಳು ಮದ್ರಾಸಿನಲ್ಲಿದ್ದರು, ಅವರ ತಹಸೀಲ್ದಾರ ಹೊಸಪೇಟೆಯಲ್ಲಿದ್ದ. ನಮ್ಮ ಪಾಲಿಗೆ ದೊರೆ, ತಹಸೀಲ್ದಾರ ಎರಡೂ ತೋಟಪ್ಪನೇ.

ತೋಟಪ್ಪನಿಗೆ ಹಣೆ ತುಂಬ ವಿಭೂತಿ, ದವಡೆ ತುಂಬ ಎಲೆಯಡಿಕೆ. ಬಾಗಿಲಲ್ಲಿ ಮೊದಲು ಹೊಟ್ಟೆ ಕಾಣಿಸುತ್ತಿತ್ತು, ಆಮೇಲೆ ಅವನು. ಅವನ ಎಲೆ ಹೊಸಪೇಟೆ ಸಂತೆಗೆ ಹೋಗುತ್ತಿತ್ತು, ಹಂಪಿಗೆ ಬರುವ ಯಾತ್ರಿಕರ ಪೂಜೆತಟ್ಟೆಗೆ ಹೋಗುತ್ತಿತ್ತು, ಸ್ವಾಮಿಗಳ ಪಾದದ ಮೇಲೂ ಬೀಳುತ್ತಿತ್ತು. "ಮಠದ ಆಕಳ ಸಗಣ್ಯಾಗ ಬೆಳದ ಎಲಿ ರೀ ಇದು" ಎಂದು ಕಂಡವರಿಗೆಲ್ಲ ಹೇಳುತ್ತಿದ್ದ. ನಮ್ಮೂರ ಮಠದಲ್ಲಿದ್ದದ್ದು ಎರಡು ಮುದಿ ಆಕಳು. ಪಾಪ, ಅವು ಹಗಲೂ ರಾತ್ರಿ ಕಷ್ಟಪಟ್ಟರೂ ಒಂದು ಪಾತಿ ತುಂಬುತ್ತಿರಲಿಲ್ಲ.

ತುಂಬುತ್ತಿದ್ದದ್ದು ನಮ್ಮ ತಿಪ್ಪೆ. ಅದರಲ್ಲಿ ಏನಿತ್ತೆಂದು ಹೇಳಿಯೇ ಬಿಡುತ್ತೇನೆ. ಸತ್ತ ದನದ ಚರ್ಮದಿಂದ ಕೆರೆದ ಕೂದಲು. ಸುಣ್ಣದ ಬಾನಿಯ ಗಸಿ. ಚರ್ಮ ಹದ ಮಾಡಿ ಉಳಿದ ತಂಗಡಿ ತೊಗಟೆ. ಕೊಂಬಿನ ಚೂರು, ಸುಟ್ಟು ಕುಟ್ಟಿದ ಎಲುಬು, ಒಲೆಯ ಬೂದಿ, ಹೆಂಗಸರು ದಾರಿಯಲ್ಲಿ ಆಯ್ದು ತಂದ ಸಗಣಿ. ಎಲ್ಲ ಬಿಸಿಲು ಮಳೆಗೆ ಕೊಳೆತು ಕಪ್ಪಗಾಗಿ, ಕೈಯಲ್ಲಿ ಹಿಡಿದರೆ ಬೆಚ್ಚಗಿರುತ್ತಿತ್ತು. ಊರವರು ಆ ದಾರಿಯಲ್ಲಿ ಹೋಗುವಾಗ ಮೂಗಿಗೆ ಬಟ್ಟೆ ಹಿಡಿಯುತ್ತಿದ್ದರು. ಮನೆಗೆ ಹೋಗಿ, ಅದರಲ್ಲೇ ಬೆಳೆದ ಎಲೆಗೆ ಸುಣ್ಣ ಹಚ್ಚಿ ಮಡಚಿ ಬಾಯಿಗಿಟ್ಟುಕೊಳ್ಳುತ್ತಿದ್ದರು. ಈ ಗುಟ್ಟು ಊರಿಗೆಲ್ಲ ಗೊತ್ತಿತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಬಾಯಿ ತುಂಬ ಎಲೆ ಇತ್ತಲ್ಲ.

ಆ ತಿಪ್ಪೆ ಕೂಡಿಸಿದವಳು ನನ್ನ ಅತ್ತೆ ಎರ್ರಮ್ಮ. ಮಗನ ಮದುವೆಗಿಂತ ಮೊದಲಿನಿಂದ ಕೂಡಿಸಿದ್ದಳು. ಅವಳಿಗೊಂದು ಆಸೆ ಇತ್ತು. ಕಾಲುವೆಯ ಕೊನೆಗೆ, ನಮ್ಮ ಗುಡಿಸಲ ಹಿಂದೆಯೇ, ನಮ್ಮದೊಂದು ತುಂಡು ಮಾನ್ಯದ ನೆಲ. ಹಲಗೆ ಬಡಿಯುವುದಕ್ಕೆ, ಸತ್ತ ದನ ಎಳೆಯುವುದಕ್ಕೆ ಹಿಂದೆ ಯಾರೋ ಕೊಟ್ಟದ್ದು. ಕೊಡುವಾಗ ನೋಡಿಯೇ ಕೊಟ್ಟಿದ್ದರು. ಬರೀ ಗರಸು, ಕಲ್ಲು. ಜಾಲಿ ಕೂಡ ಅಲ್ಲಿ ಮನಸ್ಸಿಲ್ಲದೆ ಬೆಳೆಯುತ್ತಿತ್ತು. ಅಲ್ಲಿ ಪಾತಿ ಮಾಡಿ ಬದನೆ, ಮೆಣಸಿನಕಾಯಿ, ಕುಂಬಳ ಹಾಕಬೇಕೆಂದು ಅತ್ತೆಯ ಹಟ. ಕುಂಬಳದ ಬೀಜವನ್ನು ಸೆರಗಿನ ತುದಿಗೆ ಗಂಟು ಕಟ್ಟಿಕೊಂಡೇ ತಿರುಗುತ್ತಿದ್ದಳು. ಅವಳು ಜೀವಮಾನದಲ್ಲಿ ತಿಂದ ಕಾಯಿಪಲ್ಲೆಯೆಲ್ಲ ಊರವರು ಕೊಟ್ಟದ್ದು. ಹುಳ ಬಿದ್ದ ಮೇಲೆ ಕೊಟ್ಟದ್ದು.

"ಸಾಯೋದರಾಗ ಒಂದು ಕಾಯಿ ನನ್ನ ಕೈಯಾರ ಹರಕೊಂಡು ತಿನಬೇಕು ಜಂಬೀ. ಹುಳ ಇಲ್ಲದ್ದು" ಎನ್ನುತ್ತಿದ್ದಳು.

ಆ ನೆಲಕ್ಕೆ ತಿಪ್ಪೆ ಹಾಕದಿದ್ದರೆ ಏನೂ ಬೆಳೆಯುತ್ತಿರಲಿಲ್ಲ. ಆ ತಿಪ್ಪೆಯ ಮೇಲೆ ತೋಟಪ್ಪನ ಕಣ್ಣೂ ಇತ್ತು.

ಅವನ ಹಳೆಯ ತೋಟದ ಬಳ್ಳಿ ಮುದಿಯಾಗಿ ಒಣಗಿತ್ತು. ಒಂದು ದಿನ ತನ್ನ ಆಳು ಗಾಳೆಪ್ಪನ ಜೊತೆ ಬಂದು ಕೇರಿಯ ಹೊರಗೇ ನಿಂತ.

"ಏ ಎರ್ರೀ, ಹೊಸ ತ್ವಾಟ ಮಾಡಾಕ ಹತ್ತೀನಿ. ನಾಳಿಂದ ತಿಪ್ಪಿ ಹೊರ್ರಿ."

"ಈ ಸಲ ತಿಪ್ಪಿ ನಮಗ ಬೇಕಾಗಿತ್ರಿ ಧಣಿ" ಎಂದಳು ಅತ್ತೆ. "ಮಾನ್ಯದಾಗ ಸಣ್ಣವು ಪಾತಿ ಮಾಡ್ಕೊಂತೀವಿ."

ತೋಟಪ್ಪ ನಕ್ಕ. ಕೆಂಪು ರಸ ಗದ್ದಕ್ಕಿಳಿಯಿತು. "ನಿಮಗ್ಯಾತರ ತ್ವಾಟ? ದನ ಊರಂದು. ಊರ ದನದ ತಿಪ್ಪಿ ಊರಿಗೇ."

"ಹಂಗಾದ್ರ ದನ ಸತ್ತಾಗ ಊರಾಗ ಇಟ್ಕೊಳ್ರಲ್ಲ" ಎಂದೆ ನಾನು.

ಅತ್ತೆ ನನ್ನ ಸೊಂಟ ಚಿವುಟಿದಳು. ಗಾಳೆಪ್ಪ ಕೋಲೆತ್ತಿದ. ತೋಟಪ್ಪ ಕಿವಿಯ ಮೇಲೆ ಹಾಕಿಕೊಳ್ಳದೆ ಹೊರಟುಹೋದ. ನಮ್ಮ ಮಾತಿಗೆ ಸಿಟ್ಟು ಮಾಡಿಕೊಳ್ಳುವುದೂ ನಮಗೆ ಮರ್ಯಾದೆ ಕೊಟ್ಟಂತೆ ಎಂದು ಅವನಿಗೆ ಗೊತ್ತಿತ್ತು. ಕೂಲಿ ಜೋಳ ನಿಂತರೆ ನಮ್ಮ ಒಲೆ ನಿಲ್ಲುತ್ತದೆಂದೂ ಗೊತ್ತಿತ್ತು. ಮರುದಿನ ನಾವು ತಿಪ್ಪೆಗೆ ಸಲಿಕೆ ಹಾಕಿದೆವು. ಮೊದಲ ಪುಟ್ಟಿ ಅತ್ತೆಯೇ ಹೊತ್ತಳು.

ಎಲೆತೋಟದ ಪಾತಿ ಸುಮ್ಮನೆ ಆಗುವುದಿಲ್ಲ. ಬಳ್ಳಿ ಹಬ್ಬಲು ನುಗ್ಗೆ, ಚೊಗಚೆ ಗಿಡಗಳನ್ನು ಮೊದಲೇ ಹಾಕಿಸಿದ್ದರು. ಆ ಸಾಲುಗಳ ನಡುವೆ ಮೊಣಕಾಲು ಮುಳುಗುವಷ್ಟು ಆಳ ತೆಗೆಯಬೇಕು. ತಳಕ್ಕೆ ಕೆರೆಯ ಗೋಡು ಮಣ್ಣು. ಮೇಲೆ ತಿಪ್ಪೆ. ಮೇಲೆ ಕೆಮ್ಮಣ್ಣು. ಮತ್ತೆ ತಿಪ್ಪೆ. ನೀರು ಬಿಟ್ಟು ಕಾಲಲ್ಲಿ ತುಳಿಯಬೇಕು, ಎಲ್ಲ ಒಂದಾಗುವ ತನಕ. ತಿಪ್ಪೆಯಲ್ಲಿದ್ದ ಸುಣ್ಣದ ಗಸಿ ಹಿಮ್ಮಡಿಯ ಸೀಳಿನಲ್ಲಿ ಇಳಿದು ಉರಿಯುತ್ತಿತ್ತು. ಎಲುಬಿನ ಚೂರು ಚುಚ್ಚುತ್ತಿತ್ತು. ಪುಟ್ಟಿಯಿಂದ ಸೋರಿದ ಕಪ್ಪು ನೀರು ಸಿಂಬೆ ನೆನೆಸಿ, ಕಿವಿಯ ಹಿಂದಿನಿಂದ ಕುಪ್ಪಸದೊಳಗೆ ಇಳಿಯುತ್ತಿತ್ತು. ಉಣ್ಣುವಾಗ ರೊಟ್ಟಿಗೂ ಅದೇ ವಾಸನೆ. ನನ್ನ ಗಂಡ ಮೂಕಣ್ಣ ರಾತ್ರಿ ಪಕ್ಕಕ್ಕೆ ಬಂದರೆ ಇಬ್ಬರೂ ಅದೇ ವಾಸನೆ, ಹಾಗಾಗಿ ಜಗಳವಿರಲಿಲ್ಲ. ಅತ್ತೆಯ ಮೊಣಕಾಲು ಮಾತ್ರ ಊದಿಕೊಂಡವು. ಸಂಜೆ ಎಕ್ಕೆ ಎಲೆ ಬಿಸಿ ಮಾಡಿ ಕಟ್ಟಿದರೆ ಬೆಳಿಗ್ಗೆ ಎದ್ದು ಮತ್ತೆ ಬರುತ್ತಿದ್ದಳು. ಬರಬೇಡ ಎಂದರೆ ಕೇಳುತ್ತಿರಲಿಲ್ಲ.

"ನನ್ನ ತಿಪ್ಪಿ ಎಲ್ಲಿ ಹೊಕ್ಕತೈತಿ ನೋಡಬೇಕಲ್ಲ" ಎನ್ನುತ್ತಿದ್ದಳು.

ಹೀಗೆ ಪಾತಿ ಮುಗಿದವು. ಅಂಗೈ ಒತ್ತಿದರೆ ಮಣಿಕಟ್ಟಿನವರೆಗೆ ಇಳಿಯುವಂಥ ಮಣ್ಣು. ಇಷ್ಟು ಒಳ್ಳೆಯ ಹಾಸಿಗೆಯಲ್ಲಿ ನಮ್ಮ ಕೇರಿಯ ಬಾಣಂತಿಯೂ ಮಲಗಿರಲಿಲ್ಲ.

ಬಳ್ಳಿ ಊರುವ ದಿನ ಬಂತು. ಆ ದಿನಕ್ಕೊಂದು ಪದ್ಧತಿ ಇತ್ತು. ಬೆಳಿಗ್ಗೆ ಕೇರಿಯವರು ಪಾತಿಗೆ ಕೊನೆಯ ನೀರು ಕಟ್ಟಿ ಹೊರಗೆ ಬರಬೇಕು. ಸುಮ್ಮನೆ ಬರುವ ಹಾಗಿಲ್ಲ. ಮುಖ ತೋಟದ ಕಡೆ, ಬೆನ್ನು ಬೇಲಿಯ ಕಡೆ. ಬಗ್ಗಿ, ಹಿಂದೆ ಹಿಂದೆ ಸರಿಯುತ್ತ, ಬೇವಿನ ಟೊಂಗೆಯಿಂದ ತಮ್ಮ ತಮ್ಮ ಹೆಜ್ಜೆ ಅಳಿಸುತ್ತ ಬರಬೇಕು. ಒಬ್ಬರ ಹೆಜ್ಜೆ ಇನ್ನೊಬ್ಬರು ಅಳಿಸುವಂತಿಲ್ಲ. ಕೊನೆಯ ಹೆಜ್ಜೆ ಅಳಿಸಿ ಬೇಲಿ ದಾಟಿದ ಮೇಲೆ ಪಂಚಗವ್ಯ ಚಿಮುಕಿಸಿ ಊರವರು ಒಳಗೆ ಬರುತ್ತಾರೆ. ಮಾದಿಗರು ಅಲ್ಲಿಗೆ ಕಾಲಿಟ್ಟೇ ಇರಲಿಲ್ಲ ಎಂದಾಗುತ್ತದೆ. ಪಾತಿಗಳು ತಾವೇ ಅಗೆದುಕೊಂಡು, ತಾವೇ ತುಂಬಿಕೊಂಡು ಮಲಗಿದ್ದವು ಎಂದಾಗುತ್ತದೆ.

ಅಂದು ತೋಟಪ್ಪನ ಕಡೆಯವರೆಲ್ಲ ಹೊಳೆಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ತೋಟದ ಪಕ್ಕದ ಕಾಲುವೆ ಏರಿಯ ಮೇಲೆ ನಿಂತಿದ್ದರು. ಗಾಳೆಪ್ಪನಿಗೂ ಸ್ನಾನ ಮಾಡಿಸಿದ್ದರು. ಹೊಸಪೇಟೆಯಿಂದ ಎಲೆ ವ್ಯಾಪಾರಿ ಹಾಲಸ್ವಾಮಿ ಪೂಜೆಗೆಂದು ಬಂದಿದ್ದ. ರೈಲಿನಲ್ಲಿ ಬಂದ ಬಳ್ಳಿ ತುಂಡುಗಳು ಹಸಿ ಗೋಣಿಯಲ್ಲಿ ಸುತ್ತಿಕೊಂಡು ನೆರಳಲ್ಲಿದ್ದವು.

ನಾವು ಬಗ್ಗಿದೆವು. ನಾನು, ಮೂಕಣ್ಣ, ಪಕ್ಕದ ಗುಡಿಸಲಿನ ನಿಂಗಕ್ಕ, ಕೇರಿಯ ಉಳಿದವರು. ಬಗ್ಗಿದ ತಲೆಗೆ ಏರಿಯ ಮೇಲಿನವರ ಕಾಲಷ್ಟೇ ಕಾಣುತ್ತಿದ್ದವು. ನಾವು ನಮ್ಮ ಸಾಲು ಮುಗಿಸಿ ಬೇಲಿ ಮುಟ್ಟಿದೆವು. ಅತ್ತೆ ಇನ್ನೂ ನಡುತೋಟದಲ್ಲಿದ್ದಳು. ಅವಳ ಮೊಣಕಾಲು ಮಡಚುತ್ತಿರಲಿಲ್ಲ. ಒಂದು ಹೆಜ್ಜೆ ಹಿಂದಿಡುವಳು, ನಿಲ್ಲುವಳು, ಟೊಂಗೆ ಆಡಿಸುವಳು, ಉಸಿರು ಬಿಡುವಳು.

"ಜಲ್ದಿ ಮಾಡಬೇ ಮುದುಕಿ, ಹೊತ್ತು ಮೀರತೈತಿ" ಎಂದು ತೋಟಪ್ಪ ಒದರಿದ.

ಜಲ್ದಿ ಮಾಡಲು ಹೋಗಿ ಅತ್ತೆ ಬಿದ್ದಳು. ಮುಂದಕ್ಕೆ, ಪಾತಿಯ ಮೇಲೆ, ಎರಡೂ ಕೈ ಊರಿ. ಮುಖ ಮಣ್ಣಿಗೆ ಬಡಿಯಿತು. ಏರಿಯ ಮೇಲೆ ಗದ್ದಲವೆದ್ದಿತು. ಬಿದ್ದವಳಿಗೆ ಏನಾಯಿತೆಂದು ಒಬ್ಬನೂ ಕೇಳಲಿಲ್ಲ.

"ಪಾತಿ ಕೆಡಿಸಿದ್ಲಲ್ಲೋ ರಂಡಿ!" ತೋಟಪ್ಪ ಕುಣಿದಾಡಿದ. "ಅಕಿ ಮುಟ್ಟಿದ ಮಣ್ಣೆಲ್ಲ ತಗದು ಹೊರಗ ಚೆಲ್ರಿ! ಏ ಎರ್ರೀ, ನೀ ಮತ್ತ ಒಳಗ ಹೋಗು. ಮೊದಲಿಂದ ಅಳಿಸ್ಕೊಂತ ಬಾ!"

ಅತ್ತೆ ನಾಲ್ಕು ಕಾಲ ಮೇಲೆ ನಿಂತಿದ್ದಳು. ಮೂಗಿಗೆ, ತುಟಿಗೆ ತಿಪ್ಪೆ ಮೆತ್ತಿತ್ತು. ಅವಳು ಟೊಂಗೆ ಹುಡುಕಿ ಕೈಗೆ ತೆಗೆದುಕೊಂಡಳು. ಹಾಗೇ ಕೈಯೂರಿ ತೆವಳುತ್ತ ಮತ್ತೆ ಒಳಕ್ಕೆ ಹೊರಟಳು. ಬಿದ್ದದ್ದನ್ನು ನೋಡಿ ನನಗೆ ದುಃಖವಾಗಿತ್ತು. ಅವಳು ಹಾಗೆ ಹೊರಟದ್ದನ್ನು ನೋಡಿ ಮೈಗೆ ಬೆಂಕಿ ಬಿತ್ತು.

ಬೇಲಿ ಬಿಟ್ಟು ನಾನು ತೋಟದೊಳಗೆ ನಡೆದೆ. ಮುಖ ಮುಂದೆ ಮಾಡಿ, ಪಾತಿಗಳ ಮೇಲೇ ಕಾಲೂರಿ ನಡೆದೆ. ಅತ್ತೆಯ ರಟ್ಟೆ ಹಿಡಿದು ಎತ್ತಿದೆ.

"ಏಳು ಅತ್ತಿ. ನೆಟ್ಟಗ ನಿಲ್ಲು."

"ಸುಮ್ಮನಿರ ಜಂಬೀ, ಜೋಳ ನಿಲ್ಲಸ್ತಾರ" ಎಂದಳು.

"ನಿಲ್ಲಸ್ಲಿ." ನಾನು ಏರಿಯ ಕಡೆ ತಿರುಗಿದೆ. "ಧಣೀ, ಅಕಿ ಮುಟ್ಟಿದ ಮಣ್ಣು ತಗದು ಚೆಲ್ರಿ ಅಂದ್ರಲ್ಲ. ಎಷ್ಟು ಮುಟ್ಯಾಳ ಅಂತ ಗೊತ್ತೈತೇನ್ರಿ? ಮ್ಯಾಲಿಂದು ಈಗ ಕೈಲೆ ಮುಟ್ಯಾಳ. ಅದರ ಕೆಳಗಿಂದು ಕಾಲಿಲೆ ತುಳದಾಳ. ಅದರ ಕೆಳಗಿಂದು ತಲಿಮ್ಯಾಲ ಹೊತ್ತಾಳ. ಅದನ್ನೆಲ್ಲ ಮನಿ ಮುಂದ ಇಟ್ಕೊಂಡು ಕೊಳಸ್ಯಾಳ. ಎಲ್ಲಾ ತಗೀತೀವಿ. ನೀವು ಹೇಳಿದ ಮಾತು ನಾವು ಮೀರಂಗಿಲ್ರಿ."

ತೋಟಪ್ಪನ ಬಾಯಿ ತೆರೆದಿತ್ತು. ಎಲೆ ಅಲ್ಲೇ ನಿಂತಿತ್ತು. ನಾನು ಬಿದ್ದಿದ್ದ ಸಲಿಕೆ ಎತ್ತಿಕೊಂಡು ಅತ್ತೆ ಬಿದ್ದ ಪಾತಿಗೆ ಹಾಕಿದೆ.

ನಿಂಗಕ್ಕ ಬೇಲಿಯ ಬಳಿ ನಗತೊಡಗಿದಳು. ಅವಳ ನಗು ಕೆಟ್ಟದ್ದು, ಶುರುವಾದರೆ ನಿಲ್ಲುವುದಿಲ್ಲ. ನಗುತ್ತಲೇ ಟೊಂಗೆ ಬಿಸಾಡಿ ಪುಟ್ಟಿ ತಂದಳು. ಮೂಕಣ್ಣ ಗುದ್ದಲಿ ತಂದ. ಅವನು ಹೆಸರಿಗೆ ತಕ್ಕ ಗಂಡ, ಮಾತೇ ಅಪರೂಪ. ಅಂದು ಮಾತ್ರ ಒಂದು ಮಾತಾಡಿದ.

"ಗಿಡದ ಬುಡ ಕೀಳಬ್ಯಾಡ್ರಿ. ಗಿಡ ನಮಗೇನು ಮಾಡ್ಯಾವ?"

ಆಮೇಲೆ ಕೇರಿಯೆಲ್ಲ ಒಳಗೆ ಬಂತು. ಅಗೆದೆವು. ತುಂಬಿದೆವು. ಹೊತ್ತೆವು. ನೀರು ಕುಡಿದ ತಿಪ್ಪೆ ಭಾರವಾಗಿತ್ತು. ಕುತ್ತಿಗೆ ಹುಗಿದುಹೋಗುವಷ್ಟು ಭಾರ. ಆದರೆ ನೋಯುತ್ತಿರಲಿಲ್ಲ. ತೋಟದಿಂದ ಮಾನ್ಯದ ನೆಲದವರೆಗೆ ಸಾಲು ಹತ್ತಿತು.

ತೋಟಪ್ಪ ಗಾಳೆಪ್ಪನನ್ನು ನೂಕಿದ. "ಹೋಗಲೇ, ಹೊಡಿಯೋ ಅವರನ್ನ!"

ಗಾಳೆಪ್ಪ ಕೋಲು ನೋಡಿದ, ನಮ್ಮ ಮೈಯ ತಿಪ್ಪೆ ನೋಡಿದ, ತನ್ನ ಒದ್ದೆ ಧೋತ್ರ ನೋಡಿದ. "ಹೊಡಿಬೇಕಂದ್ರ ಮುಟ್ಟಬೇಕಾಗತೈತ್ರಿ ಧಣಿ. ಇವತ್ತು ಸ್ನಾನ ಮಾಡೀನಲ್ರಿ. ಆಮ್ಯಾಲ ಬಳ್ಳಿ ಹ್ಯಾಂಗ ಮುಟ್ಟಲಿ?"

ಅದೇ ಅವರ ಗಂಟಲಿಗೆ ಸಿಕ್ಕಿತು. ಅಷ್ಟು ಜನ ಗಂಡಸರು, ಅಷ್ಟು ಕೋಲು. ಒಬ್ಬನೂ ಏರಿ ಇಳಿಯಲಾರ. ಅವರ ಮೈಲಿಗೆ ಒಂದು ದಿನವಾದರೂ ನಮ್ಮ ಕೆಲಸಕ್ಕೆ ಬಂತು. ಅಲ್ಲಿಂದಲೇ ಮಣ್ಣಹೆಂಟೆ ಎಸೆದರು. ಬಿದ್ದ ಹೆಂಟೆಗಳನ್ನು ನಿಂಗಕ್ಕ ಆಯ್ದು ಪುಟ್ಟಿಗೆ ಹಾಕಿಕೊಂಡಳು. ಯಾರೋ ಕಲ್ಲು ಎಸೆದ. ಅದು ಮೂಕಣ್ಣನ ಹಣೆ ಒಡೆಯಿತು. ರಕ್ತ ಕಣ್ಣಿಗಿಳಿಯಿತು. ಅವನು ಒರೆಸಿಕೊಂಡು, ಅದೇ ಕೈಯಲ್ಲಿ ಪುಟ್ಟಿ ಎತ್ತಿದ. ಆಗ ನಿಂಗಕ್ಕನ ನಗು ನಿಂತಿತು.

"ಪೋಲೀಸ್ರನ್ನ ಕರಸ್ತೀನಿ! ಹೊಸಪೇಟಿಗೆ ಆಳು ಕಳಸ್ತೀನಿ!" ತೋಟಪ್ಪನ ದನಿ ಸೀಳುತ್ತಿತ್ತು.

"ಕಳಸ್ರಿ" ಎಂದೆ. "ಏನಂತ ಹೇಳಸ್ತೀರಿ? ನನ್ನ ತ್ವಾಟದಾಗಿದ್ದ ಮಾದಿಗರ ತಿಪ್ಪಿ ಮಾದಿಗರು ಒಯ್ದರು ಅಂತೇನು? ಹಂಗಾದ್ರ ಮಠದ ಆಕಳು ಸಗಣಿ ಎಲ್ಲಿ ಹಾಕಿದ್ವು ಅಂತ ಕೇಳತಾರ್ರಿ. ಈ ಕೂದಲು ಯಾತರದ್ದು ಅಂತ ಕೇಳತಾರ. ಈ ಎಲುಬು ಯಾತರದ್ದು ಅಂತ ಕೇಳತಾರ. ನಾ ಹೇಳ್ಲೇನು, ನೀವು ಹೇಳತೀರೋ?"

ಸಲಿಕೆಯ ಮೇಲೆ ಒಂದು ಕೊಂಬಿನ ಚೂರು ಬಂದಿತ್ತು. ಅದನ್ನು ಎತ್ತಿ ತೋರಿಸಿದೆ. ಹೊಸಪೇಟೆಯ ಹಾಲಸ್ವಾಮಿ ಆ ಕಡೆ ತಿರುಗಿ, ಬಾಯಲ್ಲಿದ್ದ ಎಲೆಯನ್ನು ಮೆಲ್ಲಗೆ ಉಗುಳಿದ.

ಹೊತ್ತು ಇಳಿಯುವುದರೊಳಗೆ ತೋಟ ಬರೀ ಗುಂಡಿಗಳ ಸಾಲಾಗಿತ್ತು. ನಾವು ಬೇಲಿ ದಾಟಿದೆವು. ಯಾರೂ ಬಗ್ಗಲಿಲ್ಲ.

ಇದಾದ ಮೇಲೆ ನಾವು ಸುಖವಾಗಿದ್ದೆವು ಎಂದರೆ ಸುಳ್ಳು. ಊರು ನಮಗೆ ಬಾಗಿಲು ಹಾಕಿತು. ಕೂಲಿಯಿಲ್ಲ, ಜೋಳವಿಲ್ಲ. ಕಾಲುವೆಯ ಮೆಟ್ಟಿಲಿಗೆ ಮುಳ್ಳು ಬಡಿದರು. ಹೊಳೆಯಿಂದ ನೀರು ಹೊತ್ತು ತಂದೆವು, ಅರ್ಧ ಬಾಯಿಗೆ, ಅರ್ಧ ಪಾತಿಗೆ. ಗೋಣಿಸೊಪ್ಪು ಬೇಯಿಸಿ ತಿಂದೆವು. ಉಪ್ಪು ಮುಗಿದ ಮೇಲೆ ಉಪ್ಪಿಲ್ಲದೆ ತಿಂದೆವು. ಮೂಕಣ್ಣನ ಹಣೆ ಕೀವು ಕಟ್ಟಿತು. ಯಾಕಾದರೂ ಮಾಡಿದೆನೋ ಎಂದು ನನಗೆ ಅನ್ನಿಸಿದ್ದೂ ಉಂಟು. ಅತ್ತೆಗೆ ಮಾತ್ರ ಒಮ್ಮೆಯೂ ಅನ್ನಿಸಲಿಲ್ಲ. ಮಾನ್ಯದ ನೆಲದ ಕಲ್ಲು ಆರಿಸಿ ಅಂಚು ಕಟ್ಟಿದಳು. ತಳಕ್ಕೆ ಗೋಡು, ಮೇಲೆ ತಿಪ್ಪೆ. ಊದಿದ ಕಾಲಲ್ಲಿ ನಿಧಾನವಾಗಿ ತುಳಿದಳು. ತುಳಿಯುತ್ತ ಹಾಡೂ ಹೇಳಿದಳು. ಆ ಹಾಡಿನಲ್ಲಿ ತೋಟಪ್ಪನ ಹೊಟ್ಟೆಯ ವರ್ಣನೆ ಇತ್ತು, ಇಲ್ಲಿ ಹೇಳುವಂಥದ್ದಲ್ಲ.

ಅತ್ತ ತೋಟಪ್ಪನ ಬಳ್ಳಿ ಗೋಣಿಯೊಳಗೇ ಬಾಡತೊಡಗಿತ್ತು. ತನ್ನ ಅಳಿಯಂದಿರಿಂದ ಕೆರೆಯ ಮಣ್ಣು ಹೊರಿಸಲು ನೋಡಿದನಂತೆ. ಅವರು ಮಧ್ಯಾಹ್ನದೊಳಗೆ ಕುತ್ತಿಗೆ ಹಿಡಿದುಕೊಂಡು ಊರು ಬಿಟ್ಟರಂತೆ. ಕಂಪ್ಲಿ ಕಡೆಯಿಂದ ಕೂಲಿಯವರನ್ನು ಕರೆಸಿದ. ಅವರು ಗುಂಡಿ ನೋಡಿ, ಗೊಬ್ಬರ ಎಲ್ಲಿ ಎಂದರು. ಮಠದ ಆಕಳು ಒಂದೆರಡು ಪುಟ್ಟಿ ದಾನ ಮಾಡಿದವು.

ಕೊನೆಗೆ ಅವನೇ ಬಂದ. ಇಳಿಹೊತ್ತು. ಜೊತೆಗೆ ಯಾರೂ ಇರಲಿಲ್ಲ. ನಾವು ಆಗಷ್ಟೇ ಪಾತಿಗೆಲ್ಲ ನೀರು ಹಾಕಿದ್ದೆವು. ಅವನು ಕಲ್ಲಿನ ಅಂಚು ದಾಟಿ, ಮೂಕಣ್ಣ ಹೊಲಿದ ಜೋಡು ಮೆಟ್ಟಿಕೊಂಡೇ ಪಾತಿಗಳ ಮೇಲೆ ನಡೆದು ಬಂದ. ನಮ್ಮ ನೆಲದಲ್ಲಿ ಎಲ್ಲಿ ಕಾಲಿಡಬೇಕೆಂದು ನೋಡುವುದು ಅವನಿಗೆ ಗೊತ್ತೇ ಇರಲಿಲ್ಲ.

"ಆಗಿದ್ದಾತು ಬಿಡು ಎರ್ರವ್ವ" ಎಂದ. ಎರ್ರಿ ಹೋಗಿ ಎರ್ರವ್ವ ಆಗಿದ್ದಳು. "ತಿಪ್ಪಿ ತಂದು ಹಾಕ್ರಿ. ಜೋಳ ಕೊಡಸ್ತೀನಿ. ಈ ಸಲ ಹೆಜ್ಜಿ ಅಳಿಸೋದೂ ಬ್ಯಾಡ. ಸುಮ್ನ ಹೊರಗ ಬಂದ್ರಾತು. ಸಾಕಲ್ಲ?"

ನನ್ನ ಹೊಟ್ಟೆ ಖಾಲಿ ಇತ್ತು. ಜೋಳ ಎಂದಾಗ ಬಾಯಲ್ಲಿ ನೀರು ಬಂತು, ಸುಳ್ಳು ಹೇಳುವುದಿಲ್ಲ. ಮೂಕಣ್ಣ ನೆಲ ನೋಡಿದ. ಅತ್ತೆ ಮೆಲ್ಲಗೆ ಎದ್ದು ಗುಡಿಸಲ ಹತ್ತಿರ ಹೋದಳು. ಅವಳು ಒಪ್ಪಿ ಪುಟ್ಟಿ ತರಲು ಹೋದಳೆಂದೇ ನಾನು ತಿಳಿದೆ.

ಬರುವಾಗ ಅವಳ ಕೈಯಲ್ಲಿ ಬೇವಿನ ಟೊಂಗೆ ಇತ್ತು. ಅಂದಿನದೇ. ಒಣಗಿತ್ತು, ಕೋಳಿ ಓಡಿಸಲು ಇಟ್ಟುಕೊಂಡಿದ್ದಳು.

"ತಿಪ್ಪಿ ನೆಲಕ್ಕ ಸೇರೇತ್ರಿ. ಇನ್ನ ತಗಿಯಾಕ ಬರಂಗಿಲ್ಲ" ಎಂದಳು. ಟೊಂಗೆಯನ್ನು ಅವನ ಕಾಲ ಮುಂದೆ ಇಟ್ಟಳು. ಕೈಗೆ ಕೊಟ್ಟರೆ ಮೈಲಿಗೆಯಲ್ಲವೇ, ಅದಕ್ಕೇ ನೆಲದ ಮೇಲಿಟ್ಟಳು. "ಇದು ನಮ್ಮ ತ್ವಾಟ ಧಣಿ. ಹೋಗುವಾಗ ಹಿಂದ ಹಿಂದ ಹೋಗ್ರಿ, ನಿಮ್ಮ ಹೆಜ್ಜಿ ನೀವೇ ಅಳಿಸ್ಕೊಂತ. ನಿಧಾನ ಹೋಗ್ರಿ. ನಿಮಗ್ಯಾರೂ ಜಲ್ದಿ ಮಾಡ್ರಿ ಅನ್ನಂಗಿಲ್ಲ."

ತೋಟಪ್ಪನ ಮುಖ ಊದಿತು. ಕೈ ಎತ್ತಿದ. ಮೂಕಣ್ಣ ಗುದ್ದಲಿ ಕೆಳಗಿಡದೆ ಎದ್ದು ನಿಂತ. ಅಂದು ತೋಟಪ್ಪ ಸ್ನಾನ ಮಾಡಿರಲಿಲ್ಲ, ಮುಟ್ಟಬಹುದಿತ್ತು. ಆದರೂ ಮುಟ್ಟಲಿಲ್ಲ. ಬೈಯುತ್ತ, ಕೆಸರಲ್ಲಿ ಜಾರುತ್ತ, ಬಂದ ದಾರಿಯಲ್ಲೇ ಹೋದ. ಒಂದು ಕಾಲಿನ ಜೋಡು ಪಾತಿಯಲ್ಲೇ ಹೂತುಹೋಯಿತು. ಅದನ್ನು ಬಗ್ಗಿ ಎತ್ತಿಕೊಳ್ಳಲು ಅವನ ಹೊಟ್ಟೆ ಬಿಡಲಿಲ್ಲ.

ಅಷ್ಟು ಕಷ್ಟಪಟ್ಟು ಸಮ ಮಾಡಿದ ಪಾತಿಗಳ ತುಂಬ ಅವನ ಹೆಜ್ಜೆ. ನನಗೆ ಅಳು ಬಂತು. ಟೊಂಗೆ ಎತ್ತಿಕೊಂಡು ಅಳಿಸಲು ಬಗ್ಗಿದೆ.

ಅತ್ತೆ ಅದನ್ನು ಕಿತ್ತುಕೊಂಡು ಕಲ್ಲಿನ ಅಂಚಿನಾಚೆ ಎಸೆದಳು.

"ಅಳಿಸಿದ್ದು ಸಾಕಾತು" ಎಂದಳು. "ನೋಡು, ಹ್ಯಾಂಗ ಆಳ ಬಿದ್ದಾವ. ಗಂಡಸು ಹುಟ್ಟಿದ ಮ್ಯಾಲ ಮೊದಲನೇ ಸಲ ಭೂಮ್ಯಾಗ ಕೆಲಸ ಮಾಡ್ಯಾನ."

ಮೊಣಕಾಲು ಮಡಚಲಾಗದೆ ಪಾತಿಯ ಅಂಚಿನಲ್ಲಿ ಕಾಲು ಚಾಚಿ ಕುಳಿತಳು. ಸೆರಗಿನ ಗಂಟು ಬಿಚ್ಚಿದಳು. ತೋಟಪ್ಪನ ಒಂದೊಂದು ಹೆಜ್ಜೆಗೂ ಒಂದೊಂದು ಕುಂಬಳದ ಬೀಜ ಇಟ್ಟು ಮಣ್ಣು ಮುಚ್ಚಿದಳು.